ತಂಗಡಿಯ ಗುರುತು

ಮರಳುದಿಬ್ಬದ ಮೇಲೆ ಹಳದಿ ಹೂ ಬಿಟ್ಟಿದ್ದ ಗಿಡವೊಂದನ್ನು ಕಂಡು ಹಸಿದ ಮೇಕೆ, “ಯಾರು ನೀನು?” ಎಂದು ಗದರಿತು.

“ತಂಗಡಿ, ಮೇಕೆಯಮ್ಮ. ಬಲು ಕಹಿ, ಬಾಯಿ ಹಾಕಬೇಡಿ.”

“ಮೊನ್ನೆ ಅವರೆಗಿಡವೂ ಹೀಗೇ ಹೇಳಿ ನನ್ನನ್ನು ಉಪವಾಸ ಕೆಡವಿತು. ಇನ್ನು ಮೋಸಹೋಗಲಾರೆ!” ಮೇಕೆ ಒಂದು ರೆಂಬೆ ಅಗಿದು, ಮುಖ ಕಿವುಚಿ ಉಗುಳಿತು. “ಇದೇನೋ ತಂಗಡಿಯೇ. ಉಳಿದ ರೆಂಬೆಗಳು?”

“ಅವೂ ನನ್ನವೇ!”

“ನೀನು ಹೇಳಿದರಾಯಿತೇ?”

ಕಹಿಗೆ ಕಣ್ಣೀರು ಸುರಿಸುತ್ತ ಮೇಕೆ ಒಂದೊಂದೇ ರೆಂಬೆಯನ್ನು ಅಗಿದು ಉಗುಳಿತು. ಬುಡವಷ್ಟೇ ಉಳಿದಾಗ, “ನೀನು ಸತ್ಯವಂತೆ,” ಎಂದು ತಲೆಬಾಗಿ ಒಪ್ಪಿಕೊಂಡಿತು. ಆಮೇಲೆ ಪಕ್ಕದ ಗಿಡದತ್ತ ತಿರುಗಿತು. “ನೀನು ಯಾರು?”

ಹೆದರಿದ ಗಿಡಕ್ಕೆ ಸುಳ್ಳು ಹೊಳೆಯಲಿಲ್ಲ. “ನಾನು ಎಳೆ ಹುರುಳಿ.”

“ಹುರುಳಿಯಾದರೆ ಹುರುಳಿ ಅನ್ನುತ್ತಿತ್ತೇ? ಇದೂ ತಂಗಡಿಯೇ,” ಎಂದುಕೊಂಡು ಮೇಕೆ ಹಸಿದ ಹೊಟ್ಟೆಯಲ್ಲೇ ಮುಂದೆ ನಡೆಯಿತು.