ರೇಂಜರನ ಮೀನಿಗಿಂತ ದೊಡ್ಡ ಮೀನು

ಅಣೆಕಟ್ಟಿನ ಇಂಜಿನಿಯರ್ ಸಾಹೇಬರು ಹೊಸ ಗಾಳದ ಕೋಲು ಹಿಡಿದು ಬೆಳ್ಳಯ್ಯನ ತೆಪ್ಪದಲ್ಲಿ ಕೂತರು. ಕೂತವರೇ ಗುಡುಗಿದರು: "ಆ ಫಾರೆಸ್ಟ್ ರೇಂಜರ್ ಎಂಟು ಕೆ.ಜಿ. ಮೀನು ಹಿಡಿದು ಕ್ಲಬ್ಬಲ್ಲೆಲ್ಲ ಮೆರೀತಿದ್ದಾನೆ. ಇವತ್ತು ನನಗೆ ಅದಕ್ಕಿಂತ ದೊಡ್ಡದು ಸಿಗಬೇಕು. ಸಿಗದಿದ್ರೆ ನಾಳೆಯಿಂದ ನಿನ್ನ ತೆಪ್ಪ ಈ ನೀರಿಗೆ ಇಳಿಯೋ ಹಾಗಿಲ್ಲ!"

ಸಾಹೇಬರ ಗಾಳಕ್ಕೆ ಮೊದಲು ಸಿಕ್ಕಿದ್ದು ಅವರದೇ ಟೋಪಿ. ಆಮೇಲೆ ಬೆಳ್ಳಯ್ಯನ ಪಂಚೆ. ಇದು ಆಗೋ ಮಾತಲ್ಲ ಅನ್ನಿಸಿತು ಬೆಳ್ಳಯ್ಯನಿಗೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ್ದ ತನ್ನ ಹಳೇ ಊರಿನ ಕಡೆ ಹುಟ್ಟು ಹಾಕಿದ. ಸರಿಯಾಗಿ ಅಜ್ಜನ ಹುಣಸೆಮರದ ನೆತ್ತಿಯ ಮೇಲೆ ತೆಪ್ಪ ನಿಲ್ಲಿಸಿದ.

"ಇಲ್ಲಿ ಬಿಡಿ ಸ್ವಾಮಿ."

ಗಾಳ ನೀರೊಳಗಿನ ಕೊಂಬೆಗೆ ಕಚ್ಚಿಕೊಂಡಿತು. ಬೆಳ್ಳಯ್ಯ ಸದ್ದಿಲ್ಲದೆ ಹುಟ್ಟು ತಿರುವಿದ. ತೆಪ್ಪ ಗಿರಗಿರನೆ ಸುತ್ತಿತು, ಕೋಲು ಬಿಲ್ಲಿನಂತೆ ಬಾಗಿತು.

"ಅಯ್ಯಯ್ಯೋ, ಎಳೀತಿದೆ ಕಣೋ!"

"ಬಿಡಬೇಡಿ ಸ್ವಾಮಿ! ತೆಪ್ಪಾನೇ ತಿರುಗಿಸ್ತಿದೆ ಅಂದ್ರೆ ಮೂವತ್ತು ಕೆ.ಜಿ.ಗೆ ಕಮ್ಮಿ ಇಲ್ಲ!"

ಒಂದು ಗಂಟೆ ಗುದ್ದಾಡಿದ ಮೇಲೆ ದಾರ ಕಿತ್ತುಹೋಯಿತು. "ಛೆ, ತಪ್ಪಿಸಿಕೊಂಡುಬಿಡ್ತು!" ಎಂದು ಸಾಹೇಬರು ಬೆವರು ಒರೆಸಿಕೊಂಡರು. ಮುಖದಲ್ಲಿ ಮಾತ್ರ ಗೆದ್ದ ಕಳೆ. ಕ್ಲಬ್ಬು ತಲುಪುವಷ್ಟರಲ್ಲಿ ಆ ಮೀನು ಐವತ್ತು ಕೆ.ಜಿ. ಆಗಿತ್ತು. ಬೆಳ್ಳಯ್ಯನ ತೆಪ್ಪ ನಿಲ್ಲಿಸುವ ಮಾತು ಸಾಹೇಬರಿಗೆ ನೆನಪೇ ಇರಲಿಲ್ಲ.

ಮರುದಿನ ಬೆಳಗ್ಗೆ ರೇಂಜರ್ ಸಾಹೇಬರೇ ಎರಡೆರಡು ಕೋಲು ಹಿಡಿದು ಓಡಿ ಬಂದರು. "ಏನಯ್ಯಾ, ಆ ಮೀನು ಇನ್ನೂ ಅಲ್ಲೇ ಇರುತ್ತಾ?"

ಬೆಳ್ಳಯ್ಯ ತೆಪ್ಪ ನೀರಿಗಿಳಿಸಿದ. "ನಮ್ಮಜ್ಜನ ಕಾಲದಿಂದ ಅಲ್ಲೇ ಇದೆ ಸ್ವಾಮಿ. ಎಲ್ಲೂ ಹೋಗಲ್ಲ."