ತೊಟ್ಟಿಲಕೊಳ್ಳಕ್ಕೆ ಆ ಹೆಸರು ಬಂದದ್ದು

ತೊಟ್ಟಿಲಕೊಳ್ಳಕ್ಕೆ ಹೋದವರಿಗೆ ಮೊದಲು ಕಾಣುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ತೆನೆಬಾಗಿದ ಬಿಳಿಜೋಳ. ಆಳವಾದ ಆ ಎರೆಮಣ್ಣಿನಲ್ಲಿ ಒಂದು ಮನೆಯೂ ಇಲ್ಲ. ಊರೆಲ್ಲ ಮೂಡಣ ಗುಡ್ಡದ ಕರಿಬಂಡೆಯ ಮೇಲೆ ಕುಳಿತಿದೆ. ಹಿಂದೆ ಊರು ತಗ್ಗಿನಲ್ಲೇ ಇತ್ತಂತೆ. ಒಂದು ಮಧ್ಯಾಹ್ನ ಹೊನ್ನಪ್ಪಗೌಡನ ಸೊಸೆ ನಿಂಬೆವ್ವ ಚೊಚ್ಚಲ ಕೂಸನ್ನು ಮಲಗಿಸಿ ರೊಟ್ಟಿ ತಟ್ಟುತ್ತಿದ್ದಾಗ, ಯಾರೂ ಮುಟ್ಟದ ತೊಟ್ಟಿಲು ತಾನೇ ತೂಗತೊಡಗಿತು. ನೆಲುವಿನ ಗಡಿಗೆಗಳು ಒಂದಕ್ಕೊಂದು ತಾಗಿದವು, ಗೋಡೆ ಬಾಯಿಬಿಟ್ಟಿತು. ಕೂಸನ್ನು ಎದೆಗವಚಿಕೊಂಡು ಅವಳು ಹೊರಗೋಡುವುದಕ್ಕೂ ಪಡಸಾಲೆ ಕುಸಿಯುವುದಕ್ಕೂ ಸರಿಹೋಯಿತು. ಜನರೆಲ್ಲ ಹೊಲದಲ್ಲಿದ್ದುದರಿಂದ ಜೀವಗಳು ಉಳಿದವು ಎನ್ನುತ್ತಾರೆ.

ಸಂಜೆ ಮೂಡಣ ಬಂಡೆಯ ಮೇಲಿನ ಕುರಿಹಟ್ಟಿಯಿಂದ ಮಾಳವ್ವ ಹಾಲು ತಂದಳು. "ನಿಮ್ಮ ಮನೀನೂ ಬಿತ್ತೇನು ಮಾಳಕ್ಕಾ?" ಎಂದಳು ನಿಂಬೆವ್ವ. "ಇಲ್ಲವ್ವಾ, ಬಂಡಿ ಹೋದಂಗ ಗುಡುಗುಡು ಅಂತು, ಅಷ್ಟ. ಒಲಿ ಮ್ಯಾಲಿನ ಹಾಲೂ ಚೆಲ್ಲಲಿಲ್ಲ." ಆ ಮಾತು ನಿಂಬೆವ್ವನನ್ನು ಮಲಗಗೊಡಲಿಲ್ಲ. ಮರುದಿನ ಕೂಸನ್ನು ಬಗಲಲ್ಲಿಟ್ಟುಕೊಂಡು ಎರಡೂ ಗುಡ್ಡ ಹತ್ತಿ ಬಂದಳು. ಪಡುವಣ ಗುಡ್ಡದ ಕಲ್ಲು ಬಿಸಿಲುಮಳೆಗೆ ಶಿಥಿಲವಾಗಿ ಕಾಲಡಿಯಲ್ಲೇ ಪುಡಿಯಾಗುತ್ತಿತ್ತು. ಅಲ್ಲಿನ ಕೊಟ್ಟಿಗೆಗಳೂ ನೆಲ ಕಚ್ಚಿದ್ದವು. ಆದರೆ ಗೌಡ ಹೊಸ ಊರು ಕಟ್ಟಲು ಅದೇ ಗುಡ್ಡವನ್ನು ಆರಿಸಿದ್ದ, ಬುನಾದಿ ತೋಡುವುದು ಹಗುರವೆಂದು.

ಮಾವನ ಎದುರು ಎಂದೂ ದನಿಯೆತ್ತದ ನಿಂಬೆವ್ವ ಅಂದು ಮೊಸರಿನ ಬೋಗುಣಿ ತಂದು ಅವನ ಮುಂದಿಟ್ಟು ಮೆಲ್ಲಗೆ ಅಲುಗಿಸಿದಳು. ಬೋಗುಣಿ ಅಲುಗಿದ್ದು ಇಷ್ಟೇ ಇಷ್ಟು, ಮೊಸರು ಮಾತ್ರ ಅಂಚಿನಿಂದ ಅಂಚಿಗೆ ತುಯ್ದಾಡಿತು. "ಮಾವಾರ, ನಾವು ಮೊಸರಿನ್ಯಾಗ ಮನಿ ಕಟ್ಟಿದ್ವಿ. ಪಡುವಣದ ಕಲ್ಲು ಹೆಸರಿಗಷ್ಟ ಕಲ್ಲು. ನನ್ನ ಕೂಸು ಅಲ್ಲಿ ಮಲಗೂದಿಲ್ಲ, ಮೂಡಣ ಗುಡ್ಡದ ಮ್ಯಾಲ ಕಟ್ಟೂಣು." ಗೌಡ ಹಾರೆ ಹಿಡಿದು ಹೊರಟ. ಪಡುವಣದಲ್ಲಿ ಅದು ಮೆತ್ತಗೆ ಇಳಿಯಿತು. ಮೂಡಣದಲ್ಲಿ ಖಣ್ಣೆಂದು ಕೈಗೇ ತಿರುಗಿ ಬಡಿಯಿತು. ಇಳಿದು ಬಂದವನೇ, "ಸೊಸಿ ಹೇಳಿದಲ್ಲೇ ಗುದ್ದಲಿ ಬೀಳಲಿ" ಎಂದ.

ಬಂಡೆ ಒಡೆದು ಊರು ಏಳುವಷ್ಟರಲ್ಲಿ ಕೂಸು ಓಡಾಡುವ ಹುಡುಗನಾಗಿದ್ದ. ಆಗ ಭೂಮಿ ಮತ್ತೆ ನಡುಗಿತು, ಮೊದಲಿಗಿಂತ ಜೋರಾಗಿ. ತಗ್ಗಿನಲ್ಲುಳಿದಿದ್ದ ಹಳೆಯ ಗೋಡೆಗಳೆಲ್ಲ ಮಲಗಿದವು. ಮೇಲೆ ಒಂದು ಹೆಂಚೂ ಜಾರಲಿಲ್ಲ. ಹೊರಬಂದು ನಿಂತ ಜನ ನೋಡುತ್ತಾರೆ: ಗಾಳಿಯೇ ಇಲ್ಲ, ಕೆಳಗೆ ಜೋಳದ ಹೊಲವೆಲ್ಲ ಆ ಕಡೆ ಈ ಕಡೆ ತೂಗುತ್ತಿದೆ. "ಇಡೀ ಕೊಳ್ಳ ತೊಟ್ಟಿಲಾಗೇತಲ್ಲೋ!" ಎಂದ ಗೌಡ. "ತೂಗಲಿ ಬಿಡ್ರಿ ಮಾವಾರ, ಅದರಾಗ ಈಗ ಮಕ್ಕಳಿಲ್ಲ" ಎಂದು ನಿಂಬೆವ್ವ ನಕ್ಕಳು. ಹೆಸರು ಅಂದಿನಿಂದ ನಿಂತಿತು.

ಈಗಲೂ ನೇಗಿಲಿಗೆ ಹಳೆಯ ಊರಿನ ಒರಳೋ ಹೊಸ್ತಿಲೋ ಸಿಕ್ಕರೆ ಉಳುವವರು ಅದನ್ನು ಬದುವಿಗೆ ಸರಿಸಿಡುತ್ತಾರೆ. ಎಳ್ಳಮಾವಾಸ್ಯೆಗೆ ಊರಿಗೆ ಊರೇ ಇಳಿದುಬಂದು ಭೂಮಿತಾಯಿಗೆಂದು ಎಡೆಯ ಅನ್ನವನ್ನು ಹೊಲದ ತುಂಬ ಚರಗ ಚೆಲ್ಲಿ, ಆ ಕಲ್ಲುಗಳ ಮೇಲೆ ಕುಳಿತು ಉಂಡು, ಬಂದ ನೆಂಟರಿಗೂ ಕಡುಬು ಬಡಿಸಿ, ಹೊತ್ತು ಮುಳುಗುವ ಮುನ್ನ ಬಂಡೆಯೇರಿ ಮನೆ ಸೇರುತ್ತದೆ.