ಮೇಜು ಕುಣಿಸಿದ ಕೊಟ್ರೇಶಿ

ಹರಿಹರದ ಕಡೆ ಹಾಲವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಕೊಟ್ರೇಶಿ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತೊಂದರೆ!

ಹಾಲವ್ವನದು ಒಂದು ಕಾರ್ಖಾನೆಯಲ್ಲಿ ಮೇಜು ಕುಣಿಸುವ ಕೆಲಸ. ಆಂಬುಲೆನ್ಸಿನ ಮಂಚ ಗಟ್ಟಿಯಿದೆಯೋ ಇಲ್ಲವೋ ನೋಡಲು ಒಂದು ಕಬ್ಬಿಣದ ಮೇಜು. ಅದರ ನಾಲ್ಕು ಕಾಲಿಗೂ ಒಂದೊಂದು ಮೋಟಾರು, ಒಂದೊಂದು ವೈರು. ಕಂಪ್ಯೂಟರು ಆ ವೈರುಗಳಲ್ಲಿ ಕರೆಂಟಿನ ಅಲೆ ಕಳಿಸಿದರೆ, ಹೊಂಡ ಬಿದ್ದ ರಸ್ತೆಯಲ್ಲಿ ಹೋದ ಹಾಗೆ ಮೇಜು ಕುಣಿಯುತ್ತದೆ. ಮಂಚದ ಮೇಲೆ ರೋಗಿಯ ಬದಲು ಮರಳಿನ ಮೂಟೆ. "ಒಂದು ವಾರ ನನ್ನ ಮಗನ ಕೈಗೆ ಕೊಟ್ಟು ನೋಡ್ರಿ" ಅಂತ ಹಾಲವ್ವ ಸಾಹೇಬರನ್ನು ಬೇಡಿಕೊಂಡಳು. ಶನಿವಾರ ಪರೀಕ್ಷಕರು ಬಂದು ಅವನಿಗೆ ಅಂಕ ಹಾಕುತ್ತಾರೆ. ಅಂಕ ಬಂದರೆ ಕೆಲಸ ಖಾಯಂ!

"ನಾಲ್ಕು ಕಾಲಿಗೂ ಅಲೆ ಕಳ್ಸಪ್ಪಾ!"

"ಆಯ್ತವ್ವಾ!"

ಒಂದನೇ ಕಾಲಿಗೆ ಕಳಿಸಿದ. ಅದು ಮುಗಿಯಲಿ ಅಂತ ಕೂತ. ಆಮೇಲೆ ಎರಡನೆಯದಕ್ಕೆ. ಮೇಜು ವಾಲಿತು, ಮೂಟೆ ಉರುಳಿತು, ಮರಳೆಲ್ಲ ನೆಲದ ಮೇಲೆ!

"ಅಯ್ಯೋ ಪೆದ್ದೇ! ಒಂದಾದ ಮೇಲೆ ಒಂದಲ್ಲ! ನಾಲ್ಕನ್ನೂ ಒಟ್ಟಿಗೆ ಮಾಡ್ಬೇಕು!"

"ಆಯ್ತವ್ವಾ!"

ಮರುದಿನ ವೈರುಗಳಲ್ಲಿ ಎಷ್ಟು ವೋಲ್ಟ್ ಇದೆ ಅಳೆಯಲು ಹೇಳಿದಳು. ಕೊಟ್ರೇಶಿ ನಾಲ್ಕು ವೈರನ್ನೂ ಜಡೆ ಹೆಣೆದ ಹಾಗೆ ಒಟ್ಟಿಗೆ ಹೆಣೆದು ಮೀಟರಿಗೆ ತಾಗಿಸಿದ. ಢಬ್! ಫ್ಯೂಸ್ ಹೋಯಿತು.

"ನಿನ್ ತಲೀಗಿಷ್ಟು! ಒಂದೊಂದನ್ನೂ ಬೇರೆ ಬೇರೆ ಇಡ್ಬೇಕೋ!"

"ಆಯ್ತವ್ವಾ!"

ಮೂರನೇ ದಿನ ಅಲೆ ಕಳಿಸಲು ಕೂತವನು ಕಾಲಿಗೊಂದರಂತೆ ಬೇರೆ ಬೇರೆ ನಾಲ್ಕು ಪ್ರೋಗ್ರಾಮು ತೆರೆದ. ಕಂಪ್ಯೂಟರಿನೊಳಗೆ ಅಲೆ ಕಳಿಸುವ ಕಾರ್ಡು ಇರುವುದು ಒಂದೇ. ಮೊದಲನೇ ಪ್ರೋಗ್ರಾಮು ಅದನ್ನು ಹಿಡಿದುಕೊಂಡಿತು. ಉಳಿದ ಮೂರೂ "ಕಾರ್ಡು ಖಾಲಿಯಿಲ್ಲ" ಎಂದವು. ಕೊಟ್ರೇಶಿ ಕೈಕಟ್ಟಿ ಸಂಜೆಯವರೆಗೂ ಕಾದ.

"ಏನ್ ಮಾಡ್ತಿದ್ದೀಯೋ?"

"ಖಾಲಿ ಆಗ್ಲಿ ಅಂತ ಕಾಯ್ತಿದ್ದೀನವ್ವಾ!"

"ಯಾಕಾದ್ರೂ ಹುಟ್ಟಿದ್ಯೋ ನನ್ ಹೊಟ್ಟ್ಯಾಗೆ! ಒಂದೇ ಪ್ರೋಗ್ರಾಮು! ಅದರೊಳಗೆ ಕಾಲಿಗೊಂದು ಸಾಲು, ಸಾಲಿಗೊಂದು ಅಲೆ! ಶುರು ಮಾಡೋದು ಒಂದೇ ಸಲ!"

ಶುಕ್ರವಾರ ಹಾಗೇ ಮಾಡಿದ. ಓಹೋ! ನಾಲ್ಕು ಕಾಲೂ ಕುಣಿದವು, ಮೂಟೆಯೂ ಕುಣಿಯಿತು, ಹಾಲವ್ವನೂ ಸೆರಗು ಸಿಕ್ಕಿಸಿ ಕುಣಿದಳು! ಕುಣಿತದ ನಡುವೆ ಕೊಟ್ರೇಶಿ ಟಪ್ ಅಂತ ನಿಲ್ಲಿಸಿಬಿಟ್ಟ. ಅಲೆ ನಿಂತರೂ ವೈರಿನಲ್ಲಿ ಕೊನೆಯ ವೋಲ್ಟ್ ಹಾಗೇ ಉಳಿಯಿತು. ಮೇಜು ಒಂದು ಕಾಲೆತ್ತಿಕೊಂಡೇ ನಿಂತಿತು. ಮೂಟೆ ಮತ್ತೆ ನೆಲಕ್ಕೆ!

"ನಿಲ್ಲಿಸಿದ ಮೇಲೆ ಎಲ್ಲಾನೂ ಸೊನ್ನೆಗೆ ತರ್ಬೇಕೋ! ಏನನ್ನೂ ಬಿಡಬ್ಯಾಡ!"

"ಆಯ್ತವ್ವಾ!"

ಶನಿವಾರ ಪರೀಕ್ಷಕರು ಬಂದರು. ಒಂದೇ ಪ್ರೋಗ್ರಾಮು, ನಾಲ್ಕು ಅಲೆ, ಒಂದೇ ಸಲ ಶುರು! ಮೂಟೆ ಕುಣಿಯಿತು, ಉರುಳಲಿಲ್ಲ. "ಭೇಷ್!" ಎಂದರು ಪರೀಕ್ಷಕರು. ಹತ್ತಕ್ಕೆ ಎಂಟು, ಒಂಬತ್ತು, ಒಂಬತ್ತು ಅಂತ ಅಂಕ ಹಾಕಿ, ಸಹಿ ಮಾಡಿ, ಮೊಹರು ಒತ್ತಿ, ಹಾಳೆ ಅಲ್ಲೇ ಬಿಟ್ಟು ಚಹಾಕ್ಕೆ ಹೋದರು. ಹಾಲವ್ವನಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ತಾನೇ ಚಹಾ ಕೊಡಲು ಓಡಿದಳು.

ಅವರೆಲ್ಲ ತಿರುಗಿ ಬಂದಾಗ ಮೇಜು ಸಮನಾಗಿ ನಿಂತಿತ್ತು. ಗೋಡೆ ಗಡಿಯಾರ ಹನ್ನೆರಡರಲ್ಲಿ ನಿಂತಿತ್ತು. ಕೊಟ್ರೇಶಿ ಅದರ ಮುಳ್ಳು ತಿರುಗಿಸಿ, ಸೆಲ್ ಕಿತ್ತಿದ್ದ. ಮತ್ತೆ ಆ ಹಾಳೆ? ಎಂಟು ಹೊಡೆದು ಸೊನ್ನೆ, ಒಂಬತ್ತು ಹೊಡೆದು ಸೊನ್ನೆ, ಇನ್ನೊಂದು ಒಂಬತ್ತಕ್ಕೂ ಗುಂಡಗೆ ಸೊನ್ನೆ!

"ಅಯ್ಯೋ, ನಿನ್ ಕೆಲ್ಸ ಹೋಯ್ತಲ್ಲೋ!" ಹಾಲವ್ವ ಚೀರಿದಳು.

ಕೊಟ್ರೇಶಿ ಪೆನ್ನು ಹಿಡಿದು ಪರೀಕ್ಷಕರ ಕಡೆ ನೋಡಿ ನಕ್ಕ.

"ಎಲ್ಲಾನೂ ಸೊನ್ನೆಗೆ ತಂದೀನಿ ಸಾರ್! ನಿಮ್ ಸಹಿ ಒಂದು ಉಳಿದೈತೆ. ಅದನ್ನೂ ತರ್ಲಾ?"